ಪದಚರ್ಚೆ: ‘ರೂಟ್ ಕಾಸಸ್’ಗೆ ಏನನ್ನೋಣ? ಸಂಜೆಯೊಳಗೆ ಬೇಕು

ಗೆಳೆಯರೇ,
ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಸಂಜೆ ಆರಕ್ಕೆ ಪುಟ ಹೋಗುತ್ತದೆ. ಅಮೆರಿಕದ ಬೈಡನ್ ಸರ್ಕಾರ 2021ರ ಜುಲೈನಲ್ಲಿ ತಂದ ಯೋಜನೆಯ ಬಗ್ಗೆ. ಮಧ್ಯ ಅಮೆರಿಕದ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಿಗೆ ನಾಲ್ಕು ವರ್ಷದಲ್ಲಿ 400 ಕೋಟಿ ಡಾಲರ್ ನೆರವು. ಅಲ್ಲಿನ ಬಡತನ, ಗ್ಯಾಂಗುಗಳ ಕಾಟ, ಲಂಚ ಕಡಿಮೆಯಾದರೆ ಜನ ಗಡಿ ದಾಟಿ ಬರುವುದೂ ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಹೆಸರಲ್ಲೇ ‘ಅಡ್ರೆಸಿಂಗ್ ದಿ ರೂಟ್ ಕಾಸಸ್’ ಅಂತಿದೆ. ‘ಮೂಲ ಕಾರಣಗಳ ಪರಿಹಾರ’ ಎಂದು ಬರೆದಿಟ್ಟಿದ್ದೇನೆ. ಆದರೆ ಪರಿಹಾರ ಅಂದರೆ ನಮ್ಮಲ್ಲಿ ನೆರೆ ಬಂದಾಗ ಕೊಡುವ ದುಡ್ಡು ಅಲ್ವಾ? ಇನ್ನೊಂದು: ‘ಅಕ್ರಮ ವಲಸೆ’ ಸಾಕೇ, ‘ನುಸುಳುವಿಕೆ’ ಬೇಕೇ?

*

ಮೈಸೂರಿನಿಂದ:
‘ಮೂಲ’ ಸಂಸ್ಕೃತ. ‘ಕಾರಣ’ ಸಂಸ್ಕೃತ. ಪರಿಹಾರವೂ ಅದೇ. ಇದರಲ್ಲಿ ಕನ್ನಡ ಎಲ್ಲಿದೆ? ತಮಿಳಿನ ವೇರ್, ನಮ್ಮ ಬೇರು. ವಕಾರ ಬಕಾರ ಆಗಿದೆ, ಅಷ್ಟೇ. ‘ಕಳ್ಳವಲಸೆಯ ಬೇರಿಗೆ ಹೊರನಾಡ ನೆರವಿನ ಮದ್ದು’ ಎಂದು ಬರೆಯಿರಿ. ಮುಗಿಯಿತು.

*

ಚಿಕ್ಕಮಗಳೂರಿನಿಂದ:
ಮುಗಿಯಲಿಲ್ಲ ಮೇಷ್ಟ್ರೇ. ‘ಹೊರನಾಡ ನೆರವು’ ಅಂದರೆ ನಮ್ಮ ಕಡೆಯವರು ಅನ್ನಪೂರ್ಣೇಶ್ವರಿ ದೇವಸ್ಥಾನದ ಊಟ ಅಂದುಕೊಳ್ಳುತ್ತಾರೆ. ‘ವಿದೇಶಿ ನೆರವು’ ಪತ್ರಿಕೆಗಳಲ್ಲಿ ಎಂದೋ ನೆಲೆಯಾಗಿದೆ, ಬಿಡಿ ಅದನ್ನು.

ನಿಮ್ಮದೇ ಸೂತ್ರ ಹಿಡಿದರೆ ‘ವಲಸೆ’ ಇಷ್ಟೊತ್ತಿಗೆ ‘ಬಲಸೆ’ ಆಗಬೇಕಿತ್ತು. ಯಾಕೆ ಆಗಲಿಲ್ಲ? ತೆಲುಗಿನಲ್ಲಿ ವಲಸ, ತಮಿಳಿನಲ್ಲಿ ವಲಸೈ. ಪಕ್ಕದ ಮನೆಯಿಂದ ಬಂದು ಸೇರಿಕೊಂಡ ಪದವೇ ಇರಬೇಕು. ಅದನ್ನೂ ಗಡಿಪಾರು ಮಾಡುತ್ತೀರಾ?

‘ನುಸುಳುವಿಕೆ’ ಬೇಡ. ಇವರಲ್ಲಿ ಎಷ್ಟೋ ಜನ ಗಡಿ ದಾಟಿ ತಾವಾಗಿಯೇ ಕಾವಲಿನವರ ಎದುರು ನಿಂತು ಆಶ್ರಯ ಕೇಳುತ್ತಿದ್ದರು. ಅದು ನುಸುಳುವುದು ಹೇಗಾಗುತ್ತದೆ?

*

ರಾಯಚೂರಿನಿಂದ:
ಬೇರು, ಮೂಲ ಅಂತ ಯಾಕ್ರೀ ಜಗಳ? ‘ಗುಳೆ’ ಅನ್ನಿ. ಮಳೆ ಕೈಕೊಟ್ಟರೆ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ ಕಡೆ ಹೊರಡುವುದಕ್ಕೆ ನಮ್ಮಲ್ಲಿ ಇರುವ ಪದ. ಮಧ್ಯ ಅಮೆರಿಕದ್ದೂ ಅದೇ ಕಥೆ. 2012–13ರಲ್ಲಿ ಕಾಫಿಗೆ ಎಲೆ ತುಕ್ಕು ರೋಗ ಬಿತ್ತು, ತೋಟದ ಕೂಲಿ ಹೋಯಿತು. 2020ರ ನವೆಂಬರಿನಲ್ಲಿ ಎಟಾ, ಅಯೋಟಾ ಅಂತ ಎರಡು ಚಂಡಮಾರುತ, ಒಂದರ ಬೆನ್ನಿಗೆ ಒಂದು. ‘ಗುಳೆ ತಡೆಯಲು ನೆರವು’ ಅಂದರೆ ನಮ್ಮ ಓದುಗರಿಗೆ ಥಟ್ಟನೆ ತಿಳಿಯುತ್ತದೆ.

*

ಚಿಕ್ಕಮಗಳೂರಿನಿಂದ:
ಎಲೆ ತುಕ್ಕು ನಮಗೆ ಹೇಳಿಕೊಡಬೇಡಿ! ಪದ ಚೆನ್ನಾಗಿದೆ, ಆದರೆ ಇಲ್ಲಿ ಕೂರುವುದಿಲ್ಲ. ಗುಳೆ ಹೋದವರು ಬಿತ್ತನೆ ಹೊತ್ತಿಗೆ ವಾಪಸ್ ಬರುತ್ತಾರೆ. ಟೆಕ್ಸಾಸ್ ಸೇರಿದವನು ಸಾಲ ತೀರುವವರೆಗೆ ಬರುವ ಹಾಗಿಲ್ಲ. ಗಡಿ ದಾಟಿಸುವ ದಲ್ಲಾಳಿಗೆ ಸಾವಿರಾರು ಡಾಲರ್ ಕೊಡಬೇಕು. ತೀರಾ ಬಡವನಿಗೆ ಅಷ್ಟು ಸಾಲವೂ ಹುಟ್ಟುವುದಿಲ್ಲ. ಮೈಕೆಲ್ ಕ್ಲೆಮೆನ್ಸ್‌ನಂಥ ಅರ್ಥಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಬಡ ದೇಶದಲ್ಲಿ ಕೈಗೆ ನಾಲ್ಕು ಕಾಸು ಬಂದಂತೆ ದೇಶ ಬಿಡುವವರು ಮೊದಲು ಜಾಸ್ತಿಯೇ ಆಗುತ್ತಾರೆ. ಇಳಿಯುವುದು ಆದಾಯ ಬಹಳ ಮೇಲೇರಿದ ಮೇಲೆ. ಹೊಂಡುರಾಸ್, ಎಲ್ ಸಾಲ್ವಡಾರ್‌ಗಳಲ್ಲಂತೂ ಹೊರಗಿರುವವರು ಮನೆಗೆ ಕಳಿಸುವ ಹಣವೇ ದೇಶದ ಒಟ್ಟು ಉತ್ಪನ್ನದ ಐದನೇ ಒಂದು ಪಾಲಿಗಿಂತ ಜಾಸ್ತಿ. ಹಾಗಾಗಿ ‘ಮದ್ದು’, ‘ಪರಿಹಾರ’ ಎರಡೂ ಸುಳ್ಳು.

*

ಕೇಳಿದವಳಿಂದ:
ಸಾರ್, ಯೋಜನೆ ಸರಿಯೋ ತಪ್ಪೋ ಅಂತ ನಾನು ಕೇಳಿಲ್ಲ. ಲೇಖಕರು ಬರೆದದ್ದನ್ನು ನಾನು ತಿದ್ದುವಂತಿಲ್ಲ. ತಲೆಬರಹ ಬೇಕು. ಈಗ ನಾಲ್ಕೂವರೆ.

*

ಧಾರವಾಡದಿಂದ:
‘ಕೈಹಾಕು’. ಕೆಲಸಕ್ಕೆ ಕೈಹಾಕಿದರು ಅಂದರೆ ಶುರು ಮಾಡಿದರು ಅಂತಷ್ಟೇ, ಗೆದ್ದರು ಅಂತಲ್ಲ. ‘ಅಡ್ರೆಸ್’ ಕೂಡ ಅಷ್ಟೇ ಜಾಣ ಪದ, ಏನನ್ನೂ ಮಾತು ಕೊಡುವುದಿಲ್ಲ. ಸರ್ಕಾರಗಳಿಗೆ ಅದು ಇಷ್ಟವಾಗುವುದೂ ಸುಮ್ನೆ ಅಲ್ಲ. ಟ್ರಂಪ್ 2019ರಲ್ಲಿ ಇದೇ ಮೂರು ದೇಶಗಳ ನೆರವು ನಿಲ್ಲಿಸಿದರು. ಬೈಡನ್ ಮತ್ತೆ ಕೊಟ್ಟರು. 2025ರಲ್ಲಿ ಟ್ರಂಪ್ ಮತ್ತೆ ಬಂದು, ವಿದೇಶಿ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸಂಸ್ಥೆಯನ್ನೇ ಮುಚ್ಚಿದರು. ಇಂಥದ್ದಕ್ಕೆ ‘ನಿವಾರಣೆ’, ‘ನಿರ್ಮೂಲನೆ’ ಎಂಬ ದೊಡ್ಡ ಮಾತು ಯಾಕೆ?

‘ಮೂಲ ಕಾರಣ’ ಹಾಗೇ ಇರಲಿ. ಸಂತೆಯಲ್ಲಿ ಕೇಳಿದರೂ ತಿಳಿಯುತ್ತದೆ.

*

ಮೈಸೂರಿನಿಂದ:
ಸಂತೆಯಲ್ಲಿ ‘ಸಾಲ್ವ್ ಮಾಡು’ ಅಂದರೂ ತಿಳಿಯುತ್ತದೆ. ಹಾಗಾದರೆ ಈ ಪದಚರ್ಚೆಯ ಗುಂಪು ಯಾಕೆ ಬೇಕು?

*

ರಾಯಚೂರಿನಿಂದ:
ಗ್ಯಾಂಗು, ಡಾಲರು ಬಂದಾಗ ನೀವು ಸುಮ್ಮನಿದ್ದಿರಿ. ಸಾವಿರ ವರ್ಷದಿಂದ ಮನೆಯಲ್ಲಿರುವ ಪದ ಕಂಡರೆ ಮಾತ್ರ ಸಿಟ್ಟು. ಪಂಪನನ್ನೂ ಹೊರಗೆ ಹಾಕಬೇಕಾಗುತ್ತದೆ ನೋಡಿ.

*

ಮೈಸೂರಿನಿಂದ:
ಪಂಪನನ್ನು ಎಳೆದು ತರಬೇಡಿ. ಅವನ ಕಾಲದ ಮಾತು ಬೇರೆ.

*

ಕೇಳಿದವಳಿಂದ:
‘ಅಕ್ರಮ ವಲಸೆ: ಮೂಲ ಕಾರಣಕ್ಕೇ ಕೈಹಾಕಿದ ಅಮೆರಿಕ’ ಅಂತ ಕಳಿಸಿದೆ. ಕಾಲಂ ಅಗಲಕ್ಕೂ ಸರಿಹೋಯಿತು. ಎಲ್ಲರಿಗೂ ಥ್ಯಾಂಕ್ಸ್.

*

ಮೈಸೂರಿನಿಂದ:
ನನ್ನಿ ಅನ್ನಬಹುದಿತ್ತು.