‘ಚಾಪೆಲ್’, ‘ಹಿಂದಿನ ಕಾನ್ವೆಂಟ್’: ಕನ್ನಡದಲ್ಲಿ ಏನೆಂದು ಬರೆಯುವುದು?

ಪ್ರಶ್ನೆ (ಹಾವೇರಿಯಿಂದ): ಹಳೆ ಗೋವಾಕ್ಕೆ ಪ್ರವಾಸ ಹೊರಡುವ ಮಕ್ಕಳಿಗಾಗಿ ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಸಂತ ಕ್ಯಾಥರೀನಳ ಚಾಪೆಲ್‌ಗೆ ‘ಚಿಕ್ಕ ಚರ್ಚು’ ಎಂದೂ ಸಂತ ಫ್ರಾನ್ಸಿಸರ ಕಾನ್ವೆಂಟಿಗೆ ‘ಮಾಜಿ ಕನ್ಯಾಮಠ’ ಎಂದೂ ಬರೆದಿದ್ದೇವೆ. ಸರಿ ಅದಾವೇನ್ರಿ?

ಉತ್ತರ (ಧಾರವಾಡದಿಂದ): ಸರ, ‘ಮಾಜಿ ಕನ್ಯಾಮಠ’ವನ್ನು ಅಚ್ಚಿಗೆ ಕೊಡುವ ಮೊದಲೇ ತೆಗೆಯಿರಿ. ಎರಡೂ ಪದ ತಪ್ಪು. ಅಲ್ಲಿ ವಾಸವಿದ್ದವರು ಫ್ರಾನ್ಸಿಸ್ಕನ್ ಸಭೆಯ ಗಂಡಸರು. ಲ್ಯಾಟಿನ್ನಿನ ‘ಕನ್ವೆಂಟುಸ್’ ಅಂದರೆ ಕೂಡಿಬರುವುದು, ಕೂಟ. ವ್ರತ ಹಿಡಿದವರು ಒಟ್ಟಾಗಿ ಇರುವ ಮನೆಗೆ ಆ ಹೆಸರು ಬಂತು, ಗಂಡು ಹೆಣ್ಣೆಂಬ ಭೇದ ಅದರಲ್ಲಿಲ್ಲ. ಹೆಣ್ಣುಮಕ್ಕಳದೇ ಮನೆ ಬೇಕೆಂದರೆ ಅದೇ ಊರಲ್ಲಿ ಸಾಂತಾ ಮೋನಿಕಾ ಇದೆ: 1606ರಲ್ಲಿ ಶುರುವಾಗಿ 1627ರಲ್ಲಿ ಮುಗಿದದ್ದು. ‘ಕನ್ಯಾಮಠ’ ಅದಕ್ಕೆ ಒಪ್ಪುತ್ತದೆ. ಫ್ರಾನ್ಸಿಸರದಕ್ಕೆ ‘ಫ್ರಾನ್ಸಿಸ್ಕನ್ ಗುರುಗಳ ಮಠ’ ಎನ್ನಿ. ಮೂರುಸಾವಿರ ಮಠ, ತೋಂಟದಾರ್ಯ ಮಠ ಕಂಡ ಮಕ್ಕಳಿಗೆ ‘ಮಠ’ ತಟ್ಟನೆ ತಿಳಿಯುತ್ತದೆ. ಆದರೆ ನಮ್ಮ ಮಠದಲ್ಲಿ ಭಕ್ತರು ಒಳಗೆಲ್ಲ ಓಡಾಡುತ್ತಾರೆ, ದಾಸೋಹ ಇರುತ್ತದೆ. ಈ ಕ್ರೈಸ್ತ ಮಠಗಳಲ್ಲಿ ವಾಸದ ಭಾಗಕ್ಕೆ ಹೊರಗಿನವರ ಪ್ರವೇಶ ಇರಲಿಲ್ಲ. ಈ ವ್ಯತ್ಯಾಸವನ್ನು ಒಂದು ವಾಕ್ಯದಲ್ಲಿ ಹೇಳಲೇಬೇಕು. ‘ಕಾನ್ವೆಂಟ್’ ಅಂತ ಹಾಗೇ ಬಿಟ್ಟರಂತೂ ನಮ್ಮ ಕಡೆ ಇಂಗ್ಲಿಷ್ ಸಾಲಿ ಎಂದೇ ಅರ್ಥ.

‘ಮಾಜಿ’ ಶಾಸಕರಿಗೆ, ಸೈನಿಕರಿಗೆ ಹೊಂದುತ್ತದೆ, ಕಟ್ಟಡಕ್ಕಲ್ಲ. ‘ಹಳೆ ಮಠ’ ಅಂದರೆ ಹೊಸದೂ ಒಂದಿದೆ ಎಂದಾಗುತ್ತದೆ. ‘ಹಿಂದೆ ಮಠವಾಗಿದ್ದ, ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇರುವ ಕಟ್ಟಡ’ ಎಂದು ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

‘ಚಿಕ್ಕ ಚರ್ಚು’ ಅರ್ಧ ಸರಿ. ಚಾಪೆಲ್ ಆಗುವುದು ಅಳತೆಯಿಂದಲ್ಲ, ಅಧಿಕಾರದಿಂದ. ತನ್ನದೇ ಧರ್ಮಕೇಂದ್ರ, ಅಂದರೆ ಒಕ್ಕಲು ಇರುವುದು ಇಗರ್ಜಿ. ಅದಿಲ್ಲದೆ ಮಠಕ್ಕೋ ಆಸ್ಪತ್ರೆಗೋ ಸಂತರ ನೆನಪಿಗೋ ಕಟ್ಟಿದ ಪ್ರಾರ್ಥನಾಲಯ ಚಾಪೆಲ್. ಸಂತ ಕ್ಯಾಥರೀನಳದನ್ನು 1510ರಲ್ಲಿ ಗೋವಾ ಗೆದ್ದ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಕಟ್ಟಿಸಿದ. 1534ರಲ್ಲಿ ಅದಕ್ಕೆ ಕೆಥೀಡ್ರಲ್, ಅಂದರೆ ಬಿಷಪ್ಪರ ಮುಖ್ಯ ಇಗರ್ಜಿಯ ಪದವಿಯೇ ಸಿಕ್ಕಿತ್ತು. ಪೋರ್ಚುಗೀಸರ ‘ಕಪೇಲ’ ಕೊಂಕಣಿಯಲ್ಲಿ ‘ಕೊಪೆಲ್’ ಆಗಿ ಜನರ ಬಾಯಲ್ಲಿ ಉಳಿದಿದೆ. ‘ಇಗ್ರೇಜ’ದಿಂದ ‘ಇಗರ್ಜಿ’ ಬಂದಂತೆ ಅದೂ ಕನ್ನಡಕ್ಕೆ ಬರಬೇಕಿತ್ತು. ‘ಪ್ರಾರ್ಥನಾಲಯ’ಕ್ಕಿಂತ ಅದೇ ಚೆಂದ. ಮೊದಲ ಸಲ ‘ಕೊಪೆಲ್, ಅಂದರೆ ಚಾಪೆಲ್’ ಎಂದು ಬರೆದರೆ ಸಾಕು.

ಇನ್ನೆರಡು ಪದ ನೀವು ಕೇಳಿಲ್ಲ, ಆದರೂ ಪ್ರವಾಸದಲ್ಲಿ ಎಡವಟ್ಟಾಗುವುದು ಅಲ್ಲೇ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯ ಪರಂಪರೆಯವರು ಭಾನುವಾರದ ಸೇವೆಗೆ ‘ಆರಾಧನೆ’ ಅನ್ನುತ್ತಾರೆ. ಕಥೋಲಿಕರಿಗೆ ಅದು ‘ಪೂಜೆ’ ಅಥವಾ ‘ಬಲಿಪೂಜೆ’. ಅವರಲ್ಲಿ ‘ಆರಾಧನೆ’ ಅಂದರೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಪೀಠದ ಮೇಲಿಟ್ಟು ಮೌನವಾಗಿ ಪ್ರಾರ್ಥಿಸುವುದು. ಆ ಹೊತ್ತಿನಲ್ಲಿ ಗೈಡ್ ಮಾತು, ಫೋಟೊ ಯಾವುದೂ ಸಲ್ಲದು. ‘ಪರಮಪ್ರಸಾದ’ವೂ ಗುಡಿಯ ಪ್ರಸಾದದಂತೆ ಬಂದವರಿಗೆಲ್ಲ ಕೊಡುವುದಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದು, ಮೊದಲ ಪರಮಪ್ರಸಾದದ ಸಂಸ್ಕಾರವಾದ ಕಥೋಲಿಕರು ಮಾತ್ರ ಸ್ವೀಕರಿಸುತ್ತಾರೆ. ಮಕ್ಕಳು ಭಕ್ತಿಯಿಂದಲೇ ಸಾಲಿನಲ್ಲಿ ನಿಂತು ಕೈ ಒಡ್ಡುತ್ತಾರೆ, ಗುರುಗಳು ಕೊಡದೆ ಮುಂದೆ ಸರಿದಾಗ ಮುಖ ಸಣ್ಣದಾಗುತ್ತದೆ. ‘ಪೂಜೆ ನಡೆದಿದ್ದರೆ ಹಿಂದಿನ ಬೆಂಚಿನಲ್ಲಿ ಕುಳಿತಿರಿ, ಪ್ರಸಾದದ ಸಾಲಿಗೆ ಹೋಗಬೇಡಿ’ ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿಸಿರಿ.