ಹಳೆಯ ಫಿಯಟ್‌ಗೆ ಎಲೆಕ್ಟ್ರಿಕ್ ಫ್ಯಾನ್: ಅನುಭವ ಇದ್ದವರು ತಿಳಿಸಿ

ಬೆಂಗಳೂರು, 1986ರ ಪ್ರೀಮಿಯರ್ ಪದ್ಮಿನಿ, ಅಂದರೆ ಹಳೆಯ ಫಿಯಟ್ (ಪ್ರಶ್ನೆ):
ಸಿಲ್ಕ್ ಬೋರ್ಡ್ ಬಳಿ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ವಾಟರ್ ಪಂಪಿನ ಮೇಲಿರುವ, ಬೆಲ್ಟಿನಿಂದ ತಿರುಗುವ ಫ್ಯಾನ್ ತೆಗೆದು ಮಾರುತಿ 800ರ ಎಲೆಕ್ಟ್ರಿಕ್ ಫ್ಯಾನ್ ಕೂರಿಸಬೇಕೆಂದಿದ್ದೇನೆ. ಕಾರಿನಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಇನ್ನೂ ಹಳೆಯ ಬಗೆಯ ಡೈನಮೊ ಇದೆ. ವೈರಿಂಗ್ ಮಾಡಿಸಿದವರು ದಯವಿಟ್ಟು ತಿಳಿಸಿ.

ಹಾಸನ, ಅಂಬಾಸಿಡರ್ ಮಾರ್ಕ್ 4:
ನನ್ನದು ಫಿಯಟ್ ಅಲ್ಲ, ಆದರೂ ಹೇಳಲೇಬೇಕು. ಗುಜರಿಯ ಫ್ಯಾನಿಗೆ 1,400 ರೂಪಾಯಿ, ನೀರು ಬಿಸಿಯಾದಾಗ ಫ್ಯಾನ್ ಚಾಲೂ ಮಾಡುವ ಥರ್ಮಲ್ ಸ್ವಿಚ್‌ಗೆ 550, ಅದನ್ನು ಕೂರಿಸಲು ರೇಡಿಯೇಟರಿನ ಟ್ಯಾಂಕಿಗೆ ಹಿತ್ತಾಳೆಯ ಬುಶ್ ಬೆಸೆಯಲು 400 ಕೊಟ್ಟೆ. ಇಷ್ಟೆಲ್ಲ ಖರ್ಚಾದ ಮೇಲೆ ಎಲೆಕ್ಟ್ರಿಷಿಯನ್ ಮಹಾಶಯರು 180 ರೂಪಾಯಿಯ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಉಳಿಸಲು ಹೋಗಿ ಫ್ಯಾನಿನ ಪೂರ್ತಿ ಕರೆಂಟನ್ನು ಇಗ್ನಿಷನ್ ಸ್ವಿಚ್‌ನ ಮೂಲಕವೇ ಹರಿಸಿದ್ದರು. ಓಡುವಾಗ ಎಂಟು ಆಂಪಿಯರ್ ಎಳೆಯುವ ಮೋಟಾರು ತಿರುಗಲು ಶುರುವಾಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು ಎಳೆಯುತ್ತದೆ. ಶಿರಾಡಿ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನ ಅಡಿಯಿಂದ ಹೊಗೆ ಬಂತು. ಹೊಸ ಇಗ್ನಿಷನ್ ಸ್ವಿಚ್ 650, ಸುಟ್ಟ ವೈರುಗಳನ್ನು ಬದಲಿಸಿ ಕಟ್ಟಿಸಲು 2,200, ಸಕಲೇಶಪುರದವರೆಗೆ ಎಳೆದು ತಂದವರಿಗೆ 3,000. ಈಗ ಬ್ಯಾಟರಿಯಿಂದ 20 ಆಂಪಿಯರ್ ಫ್ಯೂಸ್ ಮೂಲಕ 4 ಚದರ ಮಿಲಿಮೀಟರಿನ ತಾಮ್ರದ ವೈರು ನೇರವಾಗಿ ರಿಲೇಯ 30ನೇ ನಂಬರಿನ ಟರ್ಮಿನಲ್‌ಗೆ ಹೋಗುತ್ತದೆ, 87ರಿಂದ ಫ್ಯಾನಿಗೆ. 86ಕ್ಕೆ ಕೀ ಆನ್ ಆದಾಗ ಬರುವ ಸಪ್ಲೈ, 85ನ್ನು ಥರ್ಮಲ್ ಸ್ವಿಚ್ ಅರ್ತ್ ಮಾಡುತ್ತದೆ.

ಮೈಸೂರು, 1978ರ ಪದ್ಮಿನಿ:
ಖರ್ಚಿನ ಪಟ್ಟಿ ಬಂತು, ಎಂಜಿನ್ ಏಕೆ ಬಿಸಿಯೇರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ರೇಡಿಯೇಟರಿನ ಅರ್ಧದಷ್ಟು ಕೊಳವೆಗಳು ಬೋರ್‌ವೆಲ್ ನೀರಿನ ಗಡಸಿನಿಂದ ಕಟ್ಟಿಹೋಗಿದ್ದವು. 5,200 ರೂಪಾಯಿಗೆ ಹೊಸ ಕೋರ್, ಅಂದರೆ ಕೊಳವೆಗಳ ಭಾಗವನ್ನೇ ಹಾಕಿಸಿ, ಕೂಲೆಂಟ್ ತುಂಬಿಸಿದೆ. ಈಗ ಪ್ರತಿ ಭಾನುವಾರ ಚಾಮುಂಡಿ ಬೆಟ್ಟ ಹತ್ತಿ ಇಳಿದರೂ ಮುಳ್ಳು ಅರ್ಧ ದಾಟುವುದಿಲ್ಲ, ಬೆಲ್ಟಿನ ಫ್ಯಾನೇ ಸಾಕಾಗಿದೆ. ಇಂಥ ಕಾರಿಗೆ ಮಾರುತಿಯ ಅಂಗ ಜೋಡಿಸುವುದು ನನ್ನ ಮಟ್ಟಿಗೆ ಅಪಚಾರ.

ಹಾಸನ, ಅಂಬಾಸಿಡರ್ ಮಾರ್ಕ್ 4:
ಸ್ವಾಮಿ, ಭಾನುವಾರ ಬೆಳಗಿನ ತಂಪಿನಲ್ಲಿ ಬೆಟ್ಟ ಹತ್ತುವುದಕ್ಕೂ ಏಪ್ರಿಲ್ ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಗಾಳಿ ಅತ್ಯಗತ್ಯವಾದ ಐಡ್ಲಿಂಗ್‌ನಲ್ಲೇ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗಲೇ, ಬೆಲ್ಟಿನ ಫ್ಯಾನ್ ನಿಧಾನವಾಗಿ ತಿರುಗುತ್ತದೆ. ಅಪಚಾರದ ಮಾತನ್ನು ಪೂಜಾರಿಗಳಿಗೆ ಬಿಡಿ.

ಧಾರವಾಡ, ಆಲ್ಟರ್ನೇಟರ್ ಹಾಕಿಸಿದ ಪದ್ಮಿನಿ:
ಇಬ್ಬರೂ ಡೈನಮೊ ಎಂಬ ಮಾತನ್ನು ಓದಿದಂತಿಲ್ಲ. ಅಂಬಾಸಿಡರಿನ ಲೂಕಾಸ್ ಡೈನಮೊ ಪೂರ್ಣ ವೇಗದಲ್ಲಿ ಕೊಡುವುದೇ ಸುಮಾರು 22 ಆಂಪಿಯರ್. ಐಡ್ಲಿಂಗ್‌ನಲ್ಲಿ ಬಹುತೇಕ ಏನೂ ಇಲ್ಲ, ಫಿಯಟ್‌ದೂ ಅದೇ ಪಾಡು. ಫ್ಯಾನಿಗೆ 8, ಹೆಡ್‌ಲೈಟ್‌ಗೆ 9, ವೈಪರ್‌ಗೆ 3, ಇಗ್ನಿಷನ್‌ಗೆ 3 ಎಂದು ಕೂಡಿದರೆ ಮಳೆಗಾಲದ ರಾತ್ರಿ ಬ್ಯಾಟರಿಯೇ ಎಲ್ಲವನ್ನೂ ಹೊರಬೇಕು. ನನ್ನ ಕಾರಿನಲ್ಲಿ ಮೊದಲು ಫ್ಯಾನ್ ಹಾಕಿದ ಗ್ಯಾರೇಜಿನವರು ಇದನ್ನು ಹೇಳಲಿಲ್ಲ, 4,600 ರೂಪಾಯಿಯ ಬ್ಯಾಟರಿ ಒಂದು ಮಳೆಗಾಲಕ್ಕೇ ಮುಗಿಯಿತು. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಡೈನಮೊ ಬದಲಿಗೆ ಐಡ್ಲಿಂಗ್‌ನಲ್ಲೂ ಕರೆಂಟ್ ಕೊಡುವ ಹಳೆಯ ಆಲ್ಟರ್ನೇಟರ್ 3,500ಕ್ಕೆ ಕೊಂಡು, ಲೇತ್‌ನಲ್ಲಿ ಬ್ರ್ಯಾಕೆಟ್ ಮಾಡಿಸಲು 900 ಕೊಟ್ಟು, ಡೈನಮೊದ ಕರೆಂಟನ್ನು ನಿಯಂತ್ರಿಸುವ ಕಟೌಟ್ ಪೆಟ್ಟಿಗೆಯನ್ನು ತೆಗೆಸಿದೆ. ಫ್ಯಾನನ್ನು ಪ್ಲಾಸ್ಟಿಕ್ ಟೈಗಳಿಂದ ರೇಡಿಯೇಟರಿನ ಕೋರಿಗೇ ಬಿಗಿಯಲು ಬಿಡಬೇಡಿ, ಅದುರಿ ಅದುರಿ ಕೊಳವೆಯೇ ತೂತಾಗುತ್ತದೆ.

ಮೈಸೂರು, 1978ರ ಪದ್ಮಿನಿ:
ಹಾಗಾದರೆ ಒಂದು ಫ್ಯಾನಿಗಾಗಿ ಇಡೀ ಕಾರನ್ನೇ ಬದಲಿಸಬೇಕೆಂದಾಯಿತು. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟ್ಯಾಟ್ ವಾಲ್ವ್ ಇಬ್ಬರ ಕಾರಿನಲ್ಲೂ ಇದೆಯೇ, ಅಥವಾ ಮೆಕ್ಯಾನಿಕ್ ಕಿತ್ತೆಸೆದಿದ್ದಾರೆಯೇ?

ಹಾಸನ, ಅಂಬಾಸಿಡರ್ ಮಾರ್ಕ್ 4:
ನಮ್ಮ ಸೆಖೆಗೆ ಆ ವಾಲ್ವ್ ಬೇಕಿಲ್ಲ. ತೆಗೆಸಿ ಹಾಯಾಗಿದ್ದೇನೆ.

ಧಾರವಾಡ, ಆಲ್ಟರ್ನೇಟರ್ ಹಾಕಿಸಿದ ಪದ್ಮಿನಿ:
ಹಾಯಾಗಿರುವುದು ತಾವು, ಎಂಜಿನ್ ಅಲ್ಲ. ಹೆದ್ದಾರಿಯಲ್ಲಿ ಅದು ತಣ್ಣಗೇ ಓಡಿ ಪೆಟ್ರೋಲ್ ಕುಡಿಯುತ್ತದೆ. ಈ ಒಂದು ವಿಷಯದಲ್ಲಿ ಮೈಸೂರಿನವರ ಮಾತು ಸರಿ. ಬೆಂಗಳೂರಿನವರಿಗೆ ಇನ್ನೊಂದು ಮಾತು: ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುವ ರೇಡಿಯೇಟರ್ ಕ್ಯಾಪಿನ ರಬ್ಬರ್ ಸೋತಿದ್ದರೆ 92ಕ್ಕೆ ಫ್ಯಾನ್ ಹೊತ್ತಿಸುವ ಸ್ವಿಚ್ ತಡವಾಗಿ ಎಚ್ಚರಗೊಂಡಂತೆಯೇ. ನಾನು ಹಾಕಿಸಿದ್ದು 87ರಲ್ಲಿ ಚಾಲೂ ಆಗಿ 82ರಲ್ಲಿ ನಿಲ್ಲುವ ಸ್ವಿಚ್.

ಮೈಸೂರು, 1978ರ ಪದ್ಮಿನಿ:
ಒಪ್ಪಿದ್ದಕ್ಕೆ ವಂದನೆಗಳು. ಆದರೆ ಸೋತ ಕ್ಯಾಪನ್ನು 150 ರೂಪಾಯಿಗೆ ಬದಲಿಸುವುದು ಬಿಟ್ಟು ಸ್ವಿಚ್ ಹುಡುಕುವುದೇಕೆ?