ಅಪಾರ್ಟ್‌ಮೆಂಟ್ ಸಂಘದ ಚುನಾವಣೆಗೆ ತಕರಾರು: ಮುಂದೇನು?

ಬಿಜೈ_ನಿವಾಸಿ ಕೇಳಿದ್ದು:

ಮಂಗಳೂರಿನ ಬಿಜೈಯಲ್ಲಿ 48 ಫ್ಲಾಟ್‌ಗಳ ಕಟ್ಟಡ. ವಾರ್ಷಿಕ ಮಹಾಸಭೆಯಲ್ಲಿ ಗುಪ್ತ ಮತದಾನ ನಡೆಯಿತು. ಅಧ್ಯಕ್ಷ ಸ್ಥಾನಕ್ಕೆ ಒಬ್ಬರಿಗೆ 22, ಇನ್ನೊಬ್ಬರಿಗೆ 19 ಮತ. ತಕರಾರು ಮೂರು: ಗಲ್ಫ್‌ನಲ್ಲಿರುವ 6 ಮಾಲೀಕರ ಪ್ರಾಕ್ಸಿ (ತಮ್ಮ ಪರವಾಗಿ ಇನ್ನೊಬ್ಬರು ಮತ ಹಾಕಲು ಕೊಡುವ ಪತ್ರ) ಬಂದದ್ದು ವಾಟ್ಸಾಪ್ ಫೋಟೋ ರೂಪದಲ್ಲಿ, ಮೇಂಟೆನೆನ್ಸ್ ಬಾಕಿ ಇದ್ದ ಇಬ್ಬರು ಮತ ಹಾಕಿದ್ದಾರೆ, ಮಾರಾಟವಾಗದ 3 ಫ್ಲಾಟ್‌ಗಳ ಹೆಸರಲ್ಲಿ ಬಿಲ್ಡರ್ ಮತ ಹಾಕಿದ್ದಾರೆ. ಹಳೆ ಸಮಿತಿ ಲೆಕ್ಕಪತ್ರ ಬಿಟ್ಟುಕೊಡುತ್ತಿಲ್ಲ. ಎರಡೂ ಕಡೆಯವರು ಬ್ಯಾಂಕಿಗೆ ಪತ್ರ ಕೊಟ್ಟಿದ್ದಾರೆ. ದೂರು ಕೊಡಬೇಕಾದದ್ದು ಎಲ್ಲಿಗೆ?

ಕದ್ರಿ_ಬೈಲಾ:

ಎಲ್ಲಿಗೆ ಎನ್ನುವ ಮೊದಲು ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ನೋಡಿ. ಎಲ್ಲರೂ ತಪ್ಪುವುದು ಇಲ್ಲೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಡೀಡ್ ಆಫ್ ಡಿಕ್ಲರೇಶನ್ (ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ) ಇರುತ್ತದೆ, ಬೈಲಾ (ಸಂಘದ ನಿಯಮಾವಳಿ) ಅದಕ್ಕೇ ಲಗತ್ತಾಗಿರುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯಾದರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಪ್ರಮಾಣಪತ್ರ ಇರುತ್ತದೆ. 1959ರ ಸಹಕಾರ ಸಂಘಗಳ ಕಾಯ್ದೆಯಾದರೆ ಕೈಯಲ್ಲಿ ಸಮಯವೇ ಇಲ್ಲ: ಕಲಂ 70ರಡಿ ಚುನಾವಣಾ ತಕರಾರನ್ನು ಫಲಿತಾಂಶ ಘೋಷಣೆಯಾದ 30 ದಿನದೊಳಗೆ ಸಲ್ಲಿಸಬೇಕು.

1960ರ ಕಾಯ್ದೆಯಡಿ ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಕಲಂ 25ರ ವಿಚಾರಣೆ ನಡೆಸಲೇಬೇಕು. 48 ಸದಸ್ಯರಿದ್ದರೆ 16 ಸಹಿ. ಆದರೆ ಅದು ಸಂಘದ ಆಡಳಿತ, ಹಣಕಾಸಿನ ವಿಚಾರಣೆ. ಚುನಾವಣೆಯನ್ನೇ ರದ್ದು ಮಾಡಿಸಬೇಕಾದರೆ ಸಿವಿಲ್ ಕೋರ್ಟ್. ಒಂದು ಗುಂಪು ಓಡಿಹೋಗಿ ಹೊಸ ಸಮಿತಿಯ ಪಟ್ಟಿ ಸಲ್ಲಿಸಿತು ಎಂದು ಹೆದರಬೇಡಿ. ಪಟ್ಟಿ ಫೈಲಾದ ಮಾತ್ರಕ್ಕೆ ಆಯ್ಕೆ ಸಿಂಧುವಾಗುವುದಿಲ್ಲ.

ಬಿಜೈ_ನಿವಾಸಿ:

1972ರ ಕಾಯ್ದೆ. ಡಿಕ್ಲರೇಶನ್ ಪ್ರತಿ ಕೈಯಲ್ಲಿದೆ.

ಕದ್ರಿ_ಬೈಲಾ:

ಹಾಗಾದರೆ ತಕರಾರಿಗಿಂತ ದೊಡ್ಡ ಪ್ರಶ್ನೆ ಬೇರೆಯೇ ಉಂಟು. ಆ ಕಾಯ್ದೆಯಲ್ಲಿ ಬಹುಮತ ಎಂದರೆ ತಲೆ ಎಣಿಕೆಯಲ್ಲ. ಡಿಕ್ಲರೇಶನ್‌ನಲ್ಲಿ ಪ್ರತಿ ಫ್ಲಾಟಿಗೆ ಕೊಟ್ಟ ಶೇಕಡಾವಾರು ಮತದ ಲೆಕ್ಕದಲ್ಲಿ 51 ಅಥವಾ ಹೆಚ್ಚು. ನಿಮ್ಮಲ್ಲಿ ಫ್ಲಾಟಿಗೊಂದು ಮತ ಎಂದು ಎಣಿಸಿದ್ದಾರೆ. ಸಮಿತಿ ಆಯ್ಕೆಯ ಬಗ್ಗೆ ಬೈಲಾ ಏನು ಹೇಳುತ್ತದೆ ನೋಡಿ. ಅಲ್ಲೂ ಶೇಕಡಾವಾರು ಎಂದಿದ್ದರೆ 22–19 ಎಂಬ ಅಂಕಿಯೇ ನಿಲ್ಲುವುದಿಲ್ಲ. ಗುಪ್ತ ಮತಪತ್ರದಲ್ಲಿ ಫ್ಲಾಟಿನ ಗುರುತಿಲ್ಲದಿದ್ದರೆ ಈಗ ಮರುಎಣಿಕೆಗೂ ದಾರಿಯಿಲ್ಲ.

ಇನ್ನು ಮೂರು ತಕರಾರು. ಅಂತರ 3. ಬಾಕಿದಾರರ ಮತ 2 ಮಾತ್ರ. ಎರಡೂ ಗೆದ್ದವರಿಗೇ ಬಿದ್ದಿದ್ದವೆಂದು ಕಳೆದರೂ 20–19, ಅದೊಂದರಿಂದಲೇ ಫಲಿತಾಂಶ ಬದಲಾಗದು. ಮತ್ತೆ ಬಾಕಿಯ ನಿಯಮವನ್ನು ಅಕ್ಷರಶಃ ಓದಿ. ಹಲವು ಬೈಲಾಗಳಲ್ಲಿ ಇರುವುದು ‘ವರ್ಷದ ಕೊನೆಯ ದಿನಕ್ಕೆ 60 ದಿನಕ್ಕಿಂತ ಹೆಚ್ಚು ಬಾಕಿ’ ಎಂದು. ಹಾಗಿದ್ದರೆ ಸಭೆಯ ದಿನ ಬೆಳಿಗ್ಗೆ ಹಣ ಕಟ್ಟಿದರೂ ಹಕ್ಕು ಬರುವುದಿಲ್ಲ. ವರ್ಷ ಮಾರ್ಚ್‌ಗೆ ಮುಗಿಯುವುದಾದರೆ ಏಪ್ರಿಲ್ ನಂತರದ ಬಾಕಿಯಿಂದ ಹಕ್ಕು ಹೋಗುವುದೂ ಇಲ್ಲ. ಬೈಲಾದಲ್ಲಿ ನಿಯಮವೇ ಇಲ್ಲದಿದ್ದರೆ ಸಮಿತಿಯ ಠರಾವಿನಿಂದ ಮತದ ಹಕ್ಕು ಕಿತ್ತುಕೊಳ್ಳಲಾಗದು.

ಬಿಲ್ಡರ್ ವಿಷಯದಲ್ಲಿ ಸಿಟ್ಟು ಅರ್ಥವಾಗುತ್ತದೆ, ಆದರೆ ಮಾರಾಟವಾಗದ ಫ್ಲಾಟಿಗೆ ಅವರೇ ಮಾಲೀಕರು. ಆ 3 ಫ್ಲಾಟ್‌ಗಳ ಮೇಂಟೆನೆನ್ಸ್ ಕಟ್ಟಿದ್ದಾರಾ ಎಂದು ನೋಡಿ. ಗಟ್ಟಿ ಅಂಶ ಪ್ರಾಕ್ಸಿಯದ್ದು. ಬೈಲಾದಲ್ಲಿ ‘ಖುದ್ದಾಗಿ ಮತ ಹಾಕಬೇಕು’ ಎಂದಿದ್ದರೆ ಫೋಟೋ ಇರಲಿ, ಮೂಲಪತ್ರವೇ ಬಂದರೂ ನಡೆಯದು. ಪ್ರಾಕ್ಸಿಗೆ ಅವಕಾಶವಿದ್ದರೆ ನಮೂನೆ, ಸಹಿ, ಸಲ್ಲಿಸುವ ಗಡುವು ಪಾಲನೆಯಾಗಿದೆಯೇ ನೋಡಿ. 6 ಮತ ಅಂತರಕ್ಕಿಂತ ಹೆಚ್ಚು. ಕೋರ್ಟಿನಲ್ಲಿ ಕೇಳುವ ಮಾತು ಅದು.

ವಕೀಲ_ಉಡುಪಿ:

ಮೇಲಿನವರು ಹೇಳಿದ್ದು ಸರಿ. ಇವತ್ತೇ ಮಾಡಬೇಕಾದದ್ದು ದಾಖಲೆ ಭದ್ರಪಡಿಸುವುದು. ಮತಪತ್ರ, ಬಳಸದ ಮತಪತ್ರ, ಹಾಜರಿ ಪುಸ್ತಕ, ಪ್ರಾಕ್ಸಿಗಳ ಪ್ರಿಂಟ್, ಸಭೆಯ ನೋಟಿಸ್ ತಲುಪಿದ ಪುರಾವೆ ಎಲ್ಲವನ್ನೂ ಒಂದು ಕವರಿನಲ್ಲಿಟ್ಟು ಎರಡೂ ಕಡೆಯವರು ಸಹಿ ಮಾಡಿ ಸೀಲ್ ಹಾಕಿ. ವಾಟ್ಸಾಪ್ ಸಂದೇಶ ಬಂದ ಫೋನಿನಿಂದ ಅಳಿಸಬೇಡಿ, ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಸೋತವರು ತಕರಾರನ್ನು ಚುನಾವಣಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ.

ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವುದಾದರೆ ಕೇಳಬೇಕಾದ್ದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 34ರಡಿ ಆಯ್ಕೆ ಅಸಿಂಧು ಎಂಬ ಘೋಷಣೆ, ಕಲಂ 38ರಡಿ ಶಾಶ್ವತ ತಡೆಯಾಜ್ಞೆ. ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಡಿ ಮಧ್ಯಂತರ ಅರ್ಜಿ. ಸಂಘವನ್ನೂ ಆಯ್ಕೆಯಾದವರೆಲ್ಲರನ್ನೂ ಪ್ರತಿವಾದಿ ಮಾಡಿ. ಒಬ್ಬರನ್ನು ಬಿಟ್ಟರೆ ಅದೇ ನೆಪದಲ್ಲಿ ತಿಂಗಳು ಹೋಗುತ್ತದೆ. ಹೊಸ ಸಮಿತಿ ಎರಡು ತಿಂಗಳು ಕೆಲಸ ಮಾಡಿದ ಮೇಲೆ ಮಧ್ಯಂತರ ತಡೆ ಸಿಗುವುದು ಕಷ್ಟ. ಗೆದ್ದವರು ಅದೇ ಸಂಹಿತೆಯ ಕಲಂ 148ಎ ಅಡಿ ಕೇವಿಯಟ್ (ತಮ್ಮ ಮಾತು ಕೇಳದೆ ಆದೇಶ ಕೊಡಬಾರದೆಂಬ ಅರ್ಜಿ) ಹಾಕಿಡಬಹುದು, ಅದಕ್ಕೆ 90 ದಿನದ ಆಯುಷ್ಯ.

ಬಿಜೈ_ನಿವಾಸಿ:

ಬ್ಯಾಂಕ್ ಖಾತೆ ಸ್ತಬ್ಧವಾಗಿದೆ. ಮೆಸ್ಕಾಂ ಕರೆಂಟ್ ಬಿಲ್ ಕಟ್ಟುವ ದಿನ ಹತ್ತಿರ ಬಂತು.

ಕೊಟ್ಟಾರ_ಲೆಕ್ಕ:

ಎರಡೂ ಗುಂಪು ಸೇರಿ ಬ್ಯಾಂಕಿಗೆ ಒಂದೇ ಪತ್ರ ಕೊಡಿ: ಸಾಮಾನ್ಯ ಮೀಟರಿನ ಮೆಸ್ಕಾಂ ಬಿಲ್, ಪಾಲಿಕೆಯ ನೀರಿನ ಬಿಲ್, ಟ್ಯಾಂಕರ್, ವಾಚ್‌ಮನ್ ಸಂಬಳ, ಲಿಫ್ಟ್ ನಿರ್ವಹಣೆ ಒಪ್ಪಂದದ ಕಂತು, ಇಷ್ಟಕ್ಕೆ ಮಾತ್ರ ಪಾವತಿ, ಪ್ರತಿ ಚೆಕ್‌ಗೂ ಎರಡೂ ಕಡೆಯ ಒಬ್ಬೊಬ್ಬರ ಸಹಿ. ಕಾರ್ಪಸ್ ಠೇವಣಿ (ಸಂಘದ ಮೂಲನಿಧಿ) ಮುಟ್ಟುವಂತಿಲ್ಲ ಎಂದು ಅದರಲ್ಲೇ ಬರೆಯಿರಿ. ಯಾರದೋ ಸ್ವಂತ ಖಾತೆಗೆ ಮೇಂಟೆನೆನ್ಸ್ ಸಂಗ್ರಹ ಶುರುಮಾಡಬೇಡಿ. ಜಗಳ ಚುನಾವಣೆಯಿಂದ ಹಣ ದುರುಪಯೋಗಕ್ಕೆ ತಿರುಗುವುದು ಅಲ್ಲಿಂದಲೇ.

ನನ್ನ ಸ್ಪಷ್ಟ ಅಭಿಪ್ರಾಯ ಮರುಚುನಾವಣೆಗೆ ಒಪ್ಪಿಕೊಳ್ಳಿ ಎಂದೇ. ದಾವೆ ಮುಗಿಯುವ ಮೊದಲು ಸಮಿತಿಯ ಅವಧಿಯೇ ಮುಗಿದಿರುತ್ತದೆ. ಕಟ್ಟಡದಲ್ಲಿ ಫ್ಲಾಟ್ ಇಲ್ಲದ ಒಬ್ಬರು ಚುನಾವಣಾಧಿಕಾರಿಯಾಗಲಿ. ಬೈಲಾದ ನೋಟಿಸ್ ಅವಧಿಗೆ ಹೊಂದಿಸಿ, 15 ದಿನ ಮೊದಲು ಕರಡು ಮತದಾರರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಆಕ್ಷೇಪಣೆಗೆ 5 ದಿನ ಕೊಡಿ, 7 ದಿನ ಮೊದಲು ಅಂತಿಮ ಪಟ್ಟಿ. ಗಂಡ ಹೆಂಡತಿ ಇಬ್ಬರ ಹೆಸರಿನ ಸೇಲ್ ಡೀಡ್ ಇದ್ದರೆ ಯಾರು ಮತ ಹಾಕುತ್ತಾರೆ ಎಂಬುದು ಪಟ್ಟಿಯಲ್ಲೇ ಬರಲಿ. ಬಾಡಿಗೆಗೆ ಇರುವ ಮೆಡಿಕಲ್ ವಿದ್ಯಾರ್ಥಿಗಳು ಪಟ್ಟಿಗೆ ಬರುವುದಿಲ್ಲ.

ಶೇಕಡಾವಾರು ಮತವಾದರೆ ಒಂದೇ ಪ್ರಮಾಣದ ಫ್ಲಾಟ್‌ಗಳಿಗೆ ಒಂದು ಬಣ್ಣದ ಮತಪತ್ರ ಮಾಡಿ: ಎರಡು ಬೆಡ್‌ರೂಮಿನವರಿಗೆ ಬಿಳಿ, ಮೂರರವರಿಗೆ ಹಳದಿ. ಒಂದು ಬಣ್ಣದಲ್ಲಿ ಎರಡೋ ಮೂರೋ ಮಾತ್ರ ಇದ್ದರೆ ಗುಟ್ಟು ಉಳಿಯದು; ಅದನ್ನು ಎಲ್ಲರಿಗೂ ಮೊದಲೇ ತಿಳಿಸಿ. ತಕರಾರಿರುವ ಮತವನ್ನು ಪೆಟ್ಟಿಗೆಗೆ ಹಾಕಿಸಬೇಡಿ. ಒಳಕವರಿನಲ್ಲಿ ಮತಪತ್ರ, ಹೊರಕವರಿನ ಮೇಲೆ ಫ್ಲಾಟ್ ಸಂಖ್ಯೆ ಮತ್ತು ತಕರಾರಿನ ಕಾರಣ. ಅಂತರ ಅವುಗಳ ಸಂಖ್ಯೆಗಿಂತ ಹೆಚ್ಚಿದ್ದರೆ ತೆರೆಯುವುದೇ ಬೇಡ.

ವಕೀಲ_ಉಡುಪಿ:

ಗಲ್ಫ್‌ನವರ ಬಗ್ಗೆ ಒಂದು ಸೇರ್ಪಡೆ. ಬೈಲಾ ಪ್ರಾಕ್ಸಿ ಒಪ್ಪುವುದಾದರೆ ಅದರ ನಮೂನೆಯೇ ಸಾಕು, ಮೂಲಪತ್ರ ಕೊರಿಯರ್‌ನಲ್ಲಿ ಬರಲಿ. ಪವರ್ ಆಫ್ ಅಟಾರ್ನಿಯನ್ನೇ ಕೊಡುವುದಾದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು.